ಇನ್ನಂಜೆ ತೋಡಿನ ತಿಲಾಪಿಯಾ: ಒಂದು ಭಾಷಾ-ಮತ್ಸ್ಯ-ಪಾಕಶಾಸ್ತ್ರೀಯ ವಿವೇಚನೆ

ಸ್ಥಳನಾಮ ವಿದ್ವಾಂಸರು ಊರ ಹೆಸರುಗಳನ್ನು ಶಾಸನಗಳಲ್ಲಿ ಹುಡುಕಿದರೇ ಹೊರತು ತೋಡುಗಳಲ್ಲಿ ಹುಡುಕಲಿಲ್ಲ. ‘ಇನ್ನು’ ಮತ್ತು ‘ಅಂಜೆ’ ಸೇರಿ ಇನ್ನಂಜೆ, ಲೋಪಸಂಧಿ. ಹಳಗನ್ನಡದಲ್ಲಿ ‘ಅಂಜೆ’ ಎಂದರೆ ಹೆದರೆನು. ಹಾಗಾದರೆ ‘ಇನ್ನು ಹೆದರೆನು’ ಎಂದವರು ಯಾರು? ಉಡುಪಿಯಿಂದ ಕಾಪುವಿನ ತನಕ ವಿಚಾರಿಸಿದ್ದಾಯಿತು, ಮನುಷ್ಯರಲ್ಲಿ ಯಾರೂ ಹಾಗೆ ಹೇಳಿದಂತಿಲ್ಲ. ಉಳಿದದ್ದು ತಿಲಾಪಿಯಾ.

ಪೂರ್ವಪಕ್ಷವೊಂದುಂಟು: ಈ ಮೀನು ಭಾರತಕ್ಕೆ ಬಂದದ್ದೇ 1952ರಲ್ಲಿ, ಊರು ಅದಕ್ಕಿಂತ ಎಷ್ಟೋ ಹಳೆಯದು. ಕಾಲಗಣನೆಯಂಥ ಚಿಲ್ಲರೆ ವಿಷಯಕ್ಕೆ ಒಳ್ಳೆಯ ವ್ಯುತ್ಪತ್ತಿಯನ್ನು ಬಿಟ್ಟುಕೊಡುವ ಸಂಪ್ರದಾಯ ನಮ್ಮ ವಿದ್ವತ್ತಿನಲ್ಲಿಲ್ಲ.

ಮೀನಿನ ತವರು ಆಫ್ರಿಕದ ಮೊಜಾಂಬಿಕ್ ಸೀಮೆ. ಜರ್ಮನಿಯ ಪೀಟರ್ಸ್ 1852ರಲ್ಲಿ ಶಾಸ್ತ್ರೋಕ್ತ ನಾಮಕರಣ ಮಾಡಿದ. ಸರಿಯಾಗಿ ನೂರು ವರ್ಷಕ್ಕೆ ಅಗ್ಗದ ಆಹಾರವೆಂದು ನಮ್ಮವರು ತರಿಸಿದರು. ಘಟ್ಟದ ಮೇಲಿನವರು ಇದನ್ನು ಜಿಲೇಬಿ ಎನ್ನುತ್ತಾರೆ, ಸಿಹಿನೀರಿನದೆಂಬ ಕಾರಣಕ್ಕಿರಬೇಕು. ನಮ್ಮ ತೋಡಿಗೆ ಹೇಗೆ ಬಂತು? ಯಾರದೋ ತೋಟದ ಕೆರೆ ಆಟಿಯ ನೆರೆಗೆ ದಡ ಮೀರಿರಬೇಕು ಎಂಬುದು ನಮ್ಮ ಊಹೆ. ಊಹೆಗೆ ಅಡಿಟಿಪ್ಪಣಿ ಬೇಡ.

ಕ್ಷೇತ್ರಕಾರ್ಯದ ಉಪಕರಣಗಳು: ಬಿದಿರಿನ ಕೋಲು, ಗಾಳ, ತೆಂಗಿನ ಬುಡದಿಂದ ಅಗೆದ ಎರೆಹುಳ, ಒಂದು ಬೈರಾಸು. ಅವಧಿ: ಜೂನ್ 1ರಿಂದ ಜುಲೈ 31, ಅಂದರೆ ಯಾಂತ್ರಿಕ ದೋಣಿಗಳು ಮಲ್ಪೆಯಲ್ಲಿ ಕಟ್ಟಿಹಾಕಿಕೊಂಡಿರುವ 61 ದಿನ. ಆ ದಿನಗಳಲ್ಲಿ ಬಂಗುಡೆಯ ಬೆಲೆ ಕೇಳಿದವನಿಗೆ ಮಾತ್ರ ಈ ಸಂಶೋಧನೆಯ ತುರ್ತು ಅರ್ಥವಾದೀತು.

ಕಾಲುಸಂಕದ ಮೇಲೆ ಕೂತ ನಾಲ್ಕನೇ ದಿನ ಒಂದು ದೊಡ್ಡ ಮೀನು ಕಣ್ಣೆದುರೇ ನಿಂತಿತ್ತು. ಗದ್ದ ಉಬ್ಬಿದೆ, ಬಾಯಿ ಬಿಗಿದಿದೆ. ಎರೆಹುಳ ಮೂಗಿಗೆ ತಾಗಿದರೂ ಕಚ್ಚದು. ಹುಲ್ಲಿನ ಹೊರೆ ಹೊತ್ತು ಬಂದ ಅಜ್ಜಿ ಹೇಳಿದರು: “ಅದು ಕಚ್ಚುದಿಲ್ಲ ಮಾರಾಯ, ಬಾಯಲ್ಲಿ ಮಕ್ಕಳುಂಟು.”

ಬೈರಾಸು ಅಡಿ ಹಾಕಿ ಎತ್ತಿದ್ದೇ ತಡ ಬಾಯಿ ತೆರೆಯಿತು. ಎಳ್ಳುಕಾಳಿನಂಥ ಮರಿಗಳು, ಎರಡು ಕಣ್ಣು ಬಿಟ್ಟರೆ ಮೈಯೇ ಇಲ್ಲದಂಥವು, ಒದ್ದೆ ಬಟ್ಟೆಯ ಮೇಲೆ ಚೆಲ್ಲಿದವು. ಗಾಬರಿಯಿಂದ ಬೈರಾಸನ್ನು ಮತ್ತೆ ನೀರಿಗೆ ಇಳಿಸಬೇಕಾಯಿತು. ತಾಯಿ ಒಂದು ಮಾರು ದೂರ ಹೋಗಿ ನಿಂತಿತು. ಮರಿಗಳೆಲ್ಲ ಗುಂಪಾಗಿ ಅದರ ಮುಖದ ಕಡೆಗೇ ಸರಿದವು. ಮೊಟ್ಟೆ, ಮರಿಗಳನ್ನು ಬಾಯಲ್ಲಿಟ್ಟುಕೊಂಡು ಈ ಮೀನು ಸುಮಾರು 3 ವಾರ ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಏಕಾದಶಿಗೆ ಅವಲಕ್ಕಿ ತಿನ್ನುವ ನಾವು ಈ ಕುರಿತು ಹೆಚ್ಚು ಚರ್ಚಿಸದಿರುವುದು ಲೇಸು.

ಹಾಗೆಂದು ಪ್ರಬಂಧಕಾರ ಪಕ್ಷಪಾತಿಯಲ್ಲ. ತನ್ನ ಮಕ್ಕಳನ್ನು ಬಾಯಲ್ಲಿಟ್ಟು ಸಾಕುವ ಈ ಸಾಧ್ವಿ ಬೇರೆಯವರ ಮಕ್ಕಳನ್ನೂ ಬಾಯಿಗೇ ಹಾಕಿಕೊಳ್ಳುತ್ತಾಳೆ, ಸಾಕುವುದಕ್ಕಲ್ಲ. ಮುಗುಡಿಗೆಂದು ಇಳಿಬಿಟ್ಟ ಗಾಳಕ್ಕೆ ಈಗ ಹತ್ತಕ್ಕೆ ಒಂಬತ್ತು ಸಲ ತಿಲಾಪಿಯಾ ಬೀಳುತ್ತದೆ. ಉಳಿದ ಒಂದು ಸಲ ಹಳೆಯ ಚಪ್ಪಲಿ.

ಎರಡು ಗಂಡು ಮಾದರಿಗಳನ್ನು ಪ್ರಯೋಗಾಲಯಕ್ಕೆ, ಅಂದರೆ ಅಡುಗೆಮನೆಗೆ ಒಪ್ಪಿಸಲಾಯಿತು. ಕೆಸರು ವಾಸನೆಯ ಪರದೇಶಿ ಮೀನು ನಮ್ಮ ಪುಳಿಮುಂಚಿಗೆ ಹೊಂದದು ಎಂದು ಹೆಂಡತಿಯ ಆಕ್ಷೇಪ. ಪುಳಿ, ಅಂದರೆ ಹುಣಸೆ, ಮೂಲತಃ ಆಫ್ರಿಕದ್ದು, ಮೀನಿಗೆ ತವರಿನ ಕಡೆಯ ನಂಟು. ಮುಂಚಿ, ಅಂದರೆ ಮೆಣಸು, ಪೋರ್ಚುಗೀಸರು ಹಡಗಿನಲ್ಲಿ ತಂದ ಅಮೆರಿಕದ ಮಾಲು. ಆದ್ದರಿಂದ ಮಡಕೆಯಲ್ಲಿ ಸ್ವದೇಶಿ ಎಂಬುದೇ ಇಲ್ಲ ಎಂದು ಪ್ರಬಂಧಕಾರ ಸಪ್ರಮಾಣವಾಗಿ ಮಂಡಿಸಿದ.

“ಹಾಗಾದ್ರೆ ಎರಡೂ ಬೇಡ, ಉಪ್ಪು ಮಾತ್ರ ಹಾಕಿ ಬೇಯಿಸ್ತೇನೆ,” ಎಂದಳು.

ಆ ವಾದವನ್ನು ಈ ಮೂಲಕ ಹಿಂತೆಗೆದುಕೊಳ್ಳಲಾಗಿದೆ.