ಕ್ಯಾಂಪ್ ಮಾಸ್ತರ

ನಿರ್ಣಾ, ಮನ್ನಾಎಖ್ಖೆಳ್ಳಿ, ಹುಮನಾಬಾದ, ಬಸವಕಲ್ಯಾಣ ಸೀಮೆಯಿಂದ ಅರಬ್ ದೇಶಗಳಿಗೆ ದುಡಿಯಲು ಹೋದವರ ನಡುವೆ ಕಾಣಸಿಗುವ ಒಂದು ಬಗೆಯ ಮನುಷ್ಯ ಕ್ಯಾಂಪ್ ಮಾಸ್ತರ. ಹಗಲು ಅವನು ಸ್ಟೋರ್‌ಕೀಪರ್, ಇಲ್ಲವೇ ಸೈಟಿನಲ್ಲಿ ಹಾಜರಿ ಬರೆಯುವವ. ರಾತ್ರಿ ಊಟವಾದ ಮೇಲೆ ಲೇಬರ್ ಕ್ಯಾಂಪಿನಲ್ಲಿ ರೂಮಿನವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಾನೆ. ಅವನನ್ನು ಕಂಪನಿ ನೇಮಿಸಿರುವುದಿಲ್ಲ, ಆದ್ದರಿಂದ ತೆಗೆದುಹಾಕುವುದಕ್ಕೂ ಬರುವುದಿಲ್ಲ.

ಅವನ ಪಾಂಡಿತ್ಯಕ್ಕೆ ಆಧಾರ ಪಾಸ್‌ಪೋರ್ಟು. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂಬ ಗುರುತು ಇರುತ್ತದೆ; ಅಂಥವರು ಗಲ್ಫಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ಪಾಸಾದವರಿಗೆ ಆ ತೊಡಕಿಲ್ಲ. ಎಂಟು ಮಂದಿಯ ರೂಮಿನಲ್ಲಿ ಏಳು ಜನರಿಗೆ ಈ ಮೂರಕ್ಷರ ಅಂಟಿಕೊಂಡು ಒಬ್ಬನಿಗೆ ಮಾತ್ರ ಇಲ್ಲವಾದರೆ, ಆ ರೂಮಿನ ಮಟ್ಟಿಗೆ ಅವನೇ ವಿದ್ವಾಂಸ. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಮಾಸ್ತರ ಅದಕ್ಕೂ ಹಿಂದಿನವನು, ಐದನೇತ್ತೆಯಲ್ಲಿ ಎಬಿಸಿಡಿಯ ಮುಖ ಕಂಡವನು. ಹತ್ತನೇತ್ತೆಯ ಇಂಗ್ಲಿಷಿನಲ್ಲಿ ಮೂವತ್ತೈದೇ ಬಂದಿತ್ತೆಂಬುದನ್ನು ಅವನು ಮುಚ್ಚಿಡುವುದಿಲ್ಲ. ಯಾರೂ ಕೇಳುವುದಿಲ್ಲ, ಅಷ್ಟೇ.

ಈ ಸೀಮೆಗೆ ಇಂಥವನು ಹೊಸಬನೂ ಅಲ್ಲ. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ. ಕಚೇರಿಯ ಕಾಗದವೆಲ್ಲ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಲಿಸುತ್ತಿದ್ದುದೂ ಉರ್ದುವಿನಲ್ಲೇ. ಕಚೇರಿಯ ಮುಂದೆ ಕೂತು, ಕನ್ನಡದಲ್ಲಿ ಅತ್ತವರ ದುಃಖವನ್ನು ಉರ್ದು ಅರ್ಜಿಯಾಗಿ ಬರೆದುಕೊಟ್ಟು ಛಾ ಗಿಟ್ಟಿಸುತ್ತಿದ್ದವನ ವಂಶವೇ ಇವನದು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖ್ಖನಿ, ಬೀಗರೊಂದಿಗೆ ಮರಾಠಿ, ಜಹೀರಾಬಾದಿನ ಕಡೆ ಹೋದರೆ ತೆಲುಗು. ಇಷ್ಟು ಹೊತ್ತುಕೊಂಡು ಹೋದವನು ಬಿಹಾರದವನಿಗೂ ಪೇಶಾವರದವನಿಗೂ ಒಂದೇ ಉಸಿರಿನಲ್ಲಿ ಅರ್ಥ ಹೇಳಬಲ್ಲ. ಇಬ್ಬರಿಗೂ ಹೇಳಿದ್ದು ಒಂದೇ ಅರ್ಥವೆಂದು ಮಾತ್ರ ಹೇಳಲಾಗದು.

ಪಾಠ ನಡೆಯುವುದು ಮಾಸ್ತರನ ಮಂಚದ ಮೇಲೆ. ಕೆಳಗಿನ ಮಂಚವಾದರೆ ವಿದ್ಯಾರ್ಥಿಗಳಿಗೆ ಅನುಕೂಲ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅದರಲ್ಲಿ ಪಗಾರ ನಿಂತುಹೋದವನು ಏನು ಹೇಳಬೇಕೆಂಬುದಿಲ್ಲ. ಮಾಸ್ತರ ಶುರುಮಾಡುವುದೇ ಅಲ್ಲಿಂದ: ‘ಸರ್, ಸ್ಯಾಲರಿ ನಾಟ್ ಕಮಿಂಗ್.’ ಎರಡನೆಯ ಪಾಠ ಓವರ್‌ಟೈಮು, ಮೂರನೆಯದು ಸೊಂಟನೋವು, ನಾಲ್ಕನೆಯದು ತಂಗಿಯ ಮದುವೆಗೆ ರಜೆ. ಭೂತಕಾಲವನ್ನು ಅವನು ಕಲಿಸುವುದಿಲ್ಲ. ಆಗಿಹೋದದ್ದನ್ನು ಕಂಪನಿಯವರು ಕೇಳುವುದಿಲ್ಲವೆಂಬುದು ಅವನ ಅನುಭವ. ಭವಿಷ್ಯತ್ತಿಗೆ ‘ಟುಮಾರೋ ಇನ್‌ಶಾ ಅಲ್ಲಾ’ ಸಾಕು. ಅದನ್ನಂತೂ ಕಂಪನಿಯೇ ಪುಕ್ಕಟೆ ಕಲಿಸಿರುತ್ತದೆ.

ಉಚ್ಚಾರಣೆಯಲ್ಲಿ ಅವನದು ಲೋಕಾನುಭವದ ಪಂಥ. ಅರಬ್ಬಿಯಲ್ಲಿ ಪಕಾರವಿಲ್ಲ, ಈಜಿಪ್ಟಿನ ಫೋರ್‌ಮನ್ ಇಂಗ್ಲಿಷಿನಲ್ಲೂ ಅದನ್ನು ಬಕಾರ ಮಾಡಿಬಿಡುವುದು ಸಾಮಾನ್ಯ. ಹಳ್ಳಿಖೇಡದ ಹುಡುಗ ಸಂಶಯ ತೆಗೆಯುತ್ತಾನೆ:

‘ಸರ್ರ, ನೀವು ಪಾರ್ಕಿಂಗ್ ಅಂತ ಹೇಳಿದ್ರಿ. ಫೋರ್‌ಮನ್ ಬಾರ್ಕಿಂಗ್ ಅಂತಾನಲ್ರಿ?’

‘ಪಗಾರದ ಪರ್ಚಿಗೆ ಸಹಿ ಯಾರ್ ಮಾಡ್ತಾರ?’

‘ಅಂವನೇ ಮಾಡ್ತಾನ್ರಿ.’

‘ಮತ್ತ ಅಂವ ಹೆಂಗ ಅಂತಾನ ಹಂಗೇ ಅನ್ನು.’

ಅವನ ಬೋಧನೆಯ ಕಳಸವೆಂದರೆ ನಾಟಕ. ಮಾಸ್ತರನೇ ಸೂಪರ್‌ವೈಸರ್ ಆಗಿ ದಿಂಬಿಗೊರಗಿ ಕೂರುತ್ತಾನೆ. ವಿದ್ಯಾರ್ಥಿ ಕೈಕಟ್ಟಿ ನಿಂತು ರಜೆ ಕೇಳಬೇಕು. ಮಾಸ್ತರ ಗದರಿಸುತ್ತಾನೆ, ಕೈಯಲ್ಲಿಲ್ಲದ ಫೈಲು ಎಸೆಯುತ್ತಾನೆ, ಕೊನೆಗೆ ದೊಡ್ಡ ಮನಸ್ಸು ಮಾಡಿ ಹದಿನೈದು ದಿನ ಕೊಡುತ್ತಾನೆ. ಹಗಲೆಲ್ಲ ಬೈಸಿಕೊಂಡವನಿಗೆ ಈ ಪಾತ್ರ ತುಸು ಹೆಚ್ಚೇ ಹಿಡಿಸುತ್ತದೆ. ಮರುದಿನ ನಿಜವಾದ ಸೂಪರ್‌ವೈಸರ್ ಗದರಿಸದೆ, ಪಾಠದಲ್ಲಿಲ್ಲದ ಮರುಪ್ರಶ್ನೆಯೊಂದನ್ನು ಕೇಳಿಬಿಡುತ್ತಾನೆ. ವಿದ್ಯಾರ್ಥಿ ಕಲಿತ ವಾಕ್ಯವನ್ನೇ ಇನ್ನಷ್ಟು ಗಟ್ಟಿಯಾಗಿ ಒಪ್ಪಿಸುತ್ತಾನೆ. ಆ ಪ್ರಶ್ನೆ ರಾತ್ರಿಯ ಪಾಠಕ್ಕೆ ಸೇರುತ್ತದೆ. ಇಷ್ಟು ಬೇಗ ಪಠ್ಯ ಪರಿಷ್ಕರಿಸುವ ಸಮಿತಿ ಬೇರೆಲ್ಲೂ ಇರಲಾರದು.

ಫೀಸನ್ನು ಮಾಸ್ತರ ರೊಕ್ಕದಲ್ಲಿ ಮುಟ್ಟುವುದಿಲ್ಲ. ಪರದೇಶದಲ್ಲಿ ವೀಸಾದಲ್ಲಿಲ್ಲದ ಸಂಪಾದನೆ ಅಪಾಯವೆಂಬುದು ಅವನಿಗೆ ಗೊತ್ತು. ಯುಎಇ ಸರ್ಕಾರ 2023ರ ಡಿಸೆಂಬರಿನಲ್ಲಿ ಖಾಸಗಿ ಪಾಠ ಹೇಳುವವರಿಗೆ ಎರಡು ವರ್ಷದ ಪರವಾನಿಗೆಯನ್ನು ಪುಕ್ಕಟೆ ಕೊಡಲು ಶುರುಮಾಡಿತು. ಆದರೆ ಪರವಾನಿಗೆಗೆ ಅರ್ಜಿ ತುಂಬಬೇಕು, ಅರ್ಜಿ ತುಂಬಲು ಇಂಗ್ಲಿಷ್ ಅಥವಾ ಅರಬ್ಬಿ ಬರಬೇಕು. ಆದಕಾರಣ ಮಾಸ್ತರ ಗುರುದಕ್ಷಿಣೆಯನ್ನು ಹಳೆಯ ಪದ್ಧತಿಯಲ್ಲೇ ಪಡೆಯುತ್ತಾನೆ: ಅಡುಗೆಯ ಪಾಳಿಯಿಂದ ಅವನಿಗೆ ಖಾಯಂ ಬಿಡುಗಡೆ, ಕುದ್ದ ಕೋಳಿಯಲ್ಲಿ ಮೊದಲ ತುಂಡು.

ರಜೆಗೆ ಊರಿಗೆ ಬಂದಾಗ ಅವನ ಕೀರ್ತಿಗೆ ಪರೀಕ್ಷೆ ಎದುರಾಗುತ್ತದೆ. ಖಜೂರ, ಟೈಗರ್ ಬಾಮ್ ಹಂಚಿ ಮುಗಿಯುವಷ್ಟರಲ್ಲಿ ಅಣ್ಣ ತನ್ನ ಮಗನನ್ನು ಮುಂದೆ ತಳ್ಳುತ್ತಾನೆ: ‘ಕಾಕಾನ ಜೋಡಿ ಇಂಗ್ಲಿಷ್ ಮಾತಾಡಲೇ.’ ಹುಡುಗ ಹುಮನಾಬಾದಿನ ಕಾನ್ವೆಂಟಿನವನು. ಕಾಕಾ ಹೆಸರು ಕೇಳುತ್ತಾನೆ, ತರಗತಿ ಕೇಳುತ್ತಾನೆ. ಹುಡುಗ ಎರಡಕ್ಕೂ ಉತ್ತರಿಸಿ, ಸೌದಿಯ ಹವಾಮಾನದ ಬಗ್ಗೆ ತಾನೇ ಒಂದು ಉದ್ದನೆಯ ಪ್ರಶ್ನೆ ಎಸೆಯುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಮಾಸ್ತರನಿಗೆ ಕಂಪನಿಯಿಂದ ಫೋನ್ ಬರುತ್ತದೆ. ಅವನು ಅಂಗಳಕ್ಕೆ ಹೋಗಿ ‘ಯೆಸ್ ಸರ್, ನೋ ಬ್ರಾಬ್ಲಂ ಸರ್’ ಎಂದು ಊರಿಗೆಲ್ಲ ಕೇಳುವಂತೆ ಮಾತಾಡುತ್ತಾನೆ. ಫೋನು ರಿಂಗಾದದ್ದನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಒಬ್ಬ ಮಾಸ್ತರ ಫೈನಲ್ ಎಕ್ಸಿಟ್ ಪಡೆದು ಖಾಯಂ ಊರಿಗೆ ಹೊರಟರೆ ರೂಮು ಇನ್ನೊಬ್ಬನನ್ನು ಆರಿಸಬೇಕಾಗುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲೇ ಒಬ್ಬನಿಗೆ ಪಾಠದ ನೋಟ್‌ಬುಕ್ಕೂ ಕೆಳಗಿನ ಮಂಚವೂ ಸಲ್ಲುತ್ತವೆ. ಆಯ್ಕೆಯಲ್ಲಿ ಇಂಗ್ಲಿಷನ್ನೂ ನೋಡುತ್ತಾರೆ. ಆದರೆ ಮಾಸ್ತರನಾದವನು ಒಲೆಯ ಹತ್ತಿರ ಸುಳಿಯಬೇಕಿಲ್ಲವಾದ್ದರಿಂದ, ಯಾರು ಮಾಡಿದ ಸಾರನ್ನು ಉಳಿದ ಏಳು ಮಂದಿ ಉಣ್ಣಲಾರರೋ ಅವನಿಗೇ ಹೆಚ್ಚಿನ ಮತ ಬೀಳುತ್ತವೆ.