ಬಾಂದುಕಲ್ಲಿನೊಡನೆ ಒಂದು ಸಂದರ್ಶನ

ಚಿಕ್ಕಬಳ್ಳಾಪುರ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಎಲ್ಲೆಯಲ್ಲಿ, ಹಿಪ್ಪುನೇರಳೆಯ ತೋಟವೊಂದರ ಬದುವಿನ ಮೇಲೆ, ಮೈಸೂರು ಸಂಸ್ಥಾನದ ಮೋಜಣಿದಾರರು ನೆಟ್ಟುಹೋದಂದಿನಿಂದ ನಿಂತಲ್ಲಿಯೇ ನಿಂತು, ಬಳಿದ ಸುಣ್ಣ ಮಾಸಿ, ಕುಡುಗೋಲು ಮಸೆದವರ ಕೃಪೆಯಿಂದ ನೆತ್ತಿ ನುಣುಪಾಗಿರುವ ಬಾಂದುಕಲ್ಲೊಂದನ್ನು, ಸ್ಥಳೀಯ ಆಡಳಿತ ಹಾಗೂ ಭೂಗೋಳಗಳ ವಿಷಯದಲ್ಲಿ ಅದಕ್ಕಿಂತ ಹಿರಿಯ ಪ್ರಮಾಣ ಬೇರಿಲ್ಲವೆಂದು ಬಗೆದು, ಕಂಡು ಮಾತನಾಡಿಸಿದೆನು.

ನಾನು: ಪೂಜ್ಯರೇ, ತಾವು ಯಾವ ಜಿಲ್ಲೆಗೆ ಸೇರಿದವರು?

ಕಲ್ಲು: 2007ರವರೆಗೆ ಕೋಲಾರದವನು. ಆ ವರ್ಷ 11 ತಾಲ್ಲೂಕುಗಳ ಅವಿಭಕ್ತ ಕುಟುಂಬ ಪಾಲಾಗಿ, 6 ತಾಲ್ಲೂಕು ಚಿಕ್ಕಬಳ್ಳಾಪುರಕ್ಕೆ ಬಂದಾಗ ನಾನೂ ಬಂದೆನು. ಬಂದೆನೆಂಬುದು ಕಾಗದದ ಮಾತು, ಒಂದಂಗುಲವೂ ಕದಲಿದವನಲ್ಲ.

ನಾನು: ಪಾಲಿನಿಂದ ಪ್ರಯೋಜನವಾಗಲಿಲ್ಲವೇ?

ಕಲ್ಲು: ಆಗದೆ ಏನಪ್ಪಾ! ಅರ್ಜಿ ಹಿಡಿದ ಗೌರಿಬಿದನೂರಿನ ರೈತನಿಗೆ ಕೋಲಾರದವರೆಗೆ ಹೋಗುವ ಶ್ರಮ ತಪ್ಪಿತು. ಅಷ್ಟನ್ನು ಒಪ್ಪದಿದ್ದರೆ ಕಲ್ಲಿನ ನಾಲಗೆಗೂ ದೋಷ ತಟ್ಟೀತು. ಅರ್ಜಿ ಹೋಗುವ ದಾರಿ ಗಿಡ್ಡವಾಯಿತು. ಉತ್ತರ ಬರುವ ದಾರಿಯನ್ನು ಮಾತ್ರ ಯಾವ ಮೋಜಣಿದಾರನೂ ಇನ್ನೂ ಅಳೆದಿಲ್ಲ.

ನಾನು: ಇಂಗ್ಲೆಂಡಿನಲ್ಲಿಯೂ 1974ರಲ್ಲಿ ಬರೋ ಎಂಬ ಹಳೆಯ ಪಟ್ಟಣಾಡಳಿತಗಳನ್ನು ಕಲಸಿ ಹೊಸ ಜಿಲ್ಲೆಗಳನ್ನು ಮಾಡಿದರಂತೆ.

ಕಲ್ಲು: ಹಾಗಾದರೆ ಅಲ್ಲಿಯೂ ನನ್ನ ನೆಂಟರಿರಬೇಕು. ಆದರೆ ಅವರ ಬುಡದಲ್ಲಿ ತೇವವಿದ್ದೀತು. ಇಲ್ಲಿ ನಂದಿಯ ಬೆಟ್ಟಸಾಲನ್ನು ನೋಡು: ಅಲ್ಲಿ ಸುರಿದ ಮಳೆ ಉತ್ತರ ಪಿನಾಕಿನಿಯಾಗಿ ಗೌರಿಬಿದನೂರನ್ನು ಹಾದು ಆಂಧ್ರಕ್ಕೂ, ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೂ, ಅರ್ಕಾವತಿಯಾಗಿ ಕಾವೇರಿಗೂ ಹಂಚಿಹೋಗುತ್ತದೆ; ಮೂರು ದಿಕ್ಕಿಗೆ ದಾನಮಾಡಿದ ಈ ಕರ್ಣನ ಮನೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊನೆಗೆ ಬೆಂಗಳೂರು ಮಿಂದು ಬಿಟ್ಟ ನೀರನ್ನು ಸಂಸ್ಕರಿಸಿ, ಹೆಬ್ಬಾಳ–ನಾಗವಾರ ಕಣಿವೆಯಿಂದ ಯಂತ್ರಗಳಿಂದ ಎತ್ತಿ, ನಮ್ಮ ಕಂದವಾರದ ಕೆರೆಗೆ ತರಬೇಕಾಯಿತು.

ನಾನು: ಇದನ್ನೆಲ್ಲ ವಿಚಾರಿಸಲು ನಗರಸಭೆಗಳಿವೆಯಲ್ಲ?

ಕಲ್ಲು: ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ, ಈ ನಾಲ್ಕೂ ಊರುಗಳಲ್ಲಿವೆ. ಚುನಾವಣೆ ಸಮೀಪಿಸಿದಾಗ ವಾರ್ಡುಗಳ ಎಲ್ಲೆಯನ್ನೂ ಮೀಸಲಾತಿಯನ್ನೂ ಅಲ್ಲಿಯ ಸದಸ್ಯರು ಬಿಡಿಸಿ ನೋಡುವ ಸೂಕ್ಷ್ಮತೆಗೆ, ರೇಷ್ಮೆಗೂಡಿನಿಂದ ಎಳೆ ತೆಗೆಯುವ ಶಿಡ್ಲಘಟ್ಟದ ರೀಲರುಗಳೂ ತಲೆದೂಗಬೇಕು. ಎಳೆ ತುಂಡಾಗುವುದು ಕೆರೆಗೆ ನೀರು ತರುವ ರಾಜಕಾಲುವೆಯ ಹತ್ತಿರ. ಅದರ ಅಗಲ ನಕ್ಷೆಯಲ್ಲೊಂದು, ನೆಲದಲ್ಲೊಂದು.

ಅಷ್ಟರಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದು, ಹೊರೆಯನ್ನು ಕಲ್ಲಿಗೆ ಒರಗಿಸಿ, ಸೆರಗಿನಿಂದ ಬೆವರೊರೆಸಿ, ಮತ್ತೆ ತಲೆಗೇರಿಸಿಕೊಂಡು, ತಾನು ತಾಲ್ಲೂಕು ಬದಲಿಸಿದೆನೆಂಬ ಅರಿವೇ ಇಲ್ಲದೆ ಮುಂದೆ ನಡೆದಳು. ನಾನು ಕಡೆಯ ಪ್ರಶ್ನೆಯಾಗಿ, ತಮಗೇನಾದರೂ ಬೇಡಿಕೆಯುಂಟೇ ಎಂದೆನು.

ಕಲ್ಲು: ಉಂಟು. ನನ್ನನ್ನು ಕಿತ್ತು ರಾಜಕಾಲುವೆಯ ದಡದಲ್ಲಿ ನೆಡಿಸಪ್ಪಾ. ತಾಲ್ಲೂಕಿನ ಎಲ್ಲೆಯನ್ನು ಈಕೆ ದಿನಕ್ಕೆರಡು ಸಲ ದಾಟುತ್ತಾಳೆ, ಯಾರಿಗೂ ನಷ್ಟವಿಲ್ಲ. ಕಾಲುವೆಯ ಎಲ್ಲೆಯನ್ನು ಒಬ್ಬನು ಒಂದು ಸಲ ದಾಟಿದರೆ ಕೆರೆಯೇ ಬತ್ತುತ್ತದೆ.