ಮೇಡಂ ಅವರ ಕೋರ್ಸ್ ಪುಟ

ಪಕ್ಕದ ಮನೆ ಲೆಕ್ಚರರ್ ಮೇಡಂ ಈ ಸಲ ರಜೆ ಬಂದರೂ ತವರಿಗೆ ಹೋಗಲಿಲ್ಲ. ಯಾಕ್ರೀ ಅಂದರೆ, ಕಾಲೇಜಿನ ಆನ್‌ಲೈನ್ ಪಾಠಕ್ಕಿರೋ ಮೂಡಲ್ ತಂತ್ರಾಂಶದಲ್ಲಿ ಕೋರ್ಸ್ ಪುಟ ಚಂದ ಮಾಡ್ತಾ ಇದ್ದೀನಿ ಅಂತಾರೆ. ಪಾಠದ ತಯಾರಿ ಆಮೇಲಾಯ್ತು, ಮೊದಲು ಕೋರ್ಸಿಗೊಂದು ಚಿತ್ರ ಬೇಡವೇ?

ಆ ಚಿತ್ರದ್ದೇ ಒಂದು ತಮಾಷೆ. ನೀವು ಏನೂ ಹಾಕದೆ ಬಿಟ್ಟರೆ ಮೂಡಲ್ ಸುಮ್ಮನಿರೋದಿಲ್ಲ. ತಾನೇ ತ್ರಿಕೋನ, ವೃತ್ತ ಅಂತ ಏನೇನೋ ಜೋಡಿಸಿ, ನಮ್ಮಜ್ಜಿ ಹೊಲೀತಿದ್ದ ಕೌದಿ ಥರದ್ದೊಂದು ಹಾಸು ಎಳೆದುಬಿಡುತ್ತೆ. ಅದೂ ಮನಸ್ಸಿಗೆ ಬಂದಂಗಲ್ಲ, ಕೋರ್ಸಿನ ನಂಬರಿನ ಮೇಲೆ. ಹಾಗಾಗಿ ಎಷ್ಟು ಸಲ ತೆಗೆದರೂ ಅದೇ ಬಣ್ಣ, ಅದೇ ವಿನ್ಯಾಸ. ಮೇಡಂ ಅವರ ಅರ್ಥಶಾಸ್ತ್ರಕ್ಕೆ ಬಂದಿದ್ದು ನೇರಳೆ. "ನೋಡಿದರೆ ತಲೆನೋವು ಬರುತ್ತೆ ಕಣ್ರೀ" ಅಂತ ಈಗ ಅಡಿಕೆ ಮಂಡಿ ಫೋಟೋ ಹಾಕಿದ್ದಾರೆ. ನನಗೇನೋ ನೇರಳೆಯೇ ವಾಸಿ ಅನ್ನಿಸ್ತು, ಹೇಳೋಕೆ ಹೋಗಲಿಲ್ಲ.

ಪುಟದ ಇಡೀ ವೇಷ, ಅಂದರೆ ಥೀಮನ್ನೇ ಬದಲಾಯಿಸೋ ಆಸೆಯೂ ಇತ್ತು ಅವರಿಗೆ. ಆದರೆ ಅಡ್ಮಿನ್ ಅಪ್ಪಣೆ ಕೊಟ್ಟಿದ್ದರೆ ಮಾತ್ರ ಕೋರ್ಸಿಗೊಂದು ಥೀಮ್. ಕೊಟ್ಟಿಲ್ಲ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಆ ಸಾಲೇ ಕಾಣಲ್ಲ. ಇನ್ನು ಉಳಿದಿದ್ದು ಲೇಬಲ್ಲು. ಪಾಠಗಳ ನಡುನಡುವೆ ಬಣ್ಣದ ಅಕ್ಷರದಲ್ಲಿ ತಲೆಬರಹ ಅಂಟಿಸ್ತಾ ಹೋಗೋದು.

ಲೇಬಲ್ ಅಂದಾಗ ನೆನಪಾಯ್ತು. ಜೂನ್ ಬಂತಂದರೆ ನಮ್ಮಪ್ಪ ಬ್ರೌನ್ ಪೇಪರ್ ಸುರುಳಿ ತರ್ತಿದ್ದರು. ಬೈಂಡ್ ಹಾಕೋದಕ್ಕೇ ಒಂದು ಭಾನುವಾರ, ಅನ್ನದ ಅಗುಳಲ್ಲಿ ಲೇಬಲ್ ಅಂಟಿಸೋದಕ್ಕೆ ಇನ್ನೊಂದು. ಹೆಸರು, ತರಗತಿ, ವಿಷಯ ಎಲ್ಲ ದುಂಡಗೆ. ಗಣಪತಿ ಹಬ್ಬದ ಹೊತ್ತಿಗೆ ಪುಸ್ತಕದ ಹೊರಗೆಲ್ಲ ನೀಟು, ಒಳಗೆ ಒಂದು ಪಾಠವೂ ಓದಿರ್ತಿರಲಿಲ್ಲ ಅನ್ನಿ. ಹಾಗಂತ ಬೈಂಡ್ ಹಾಕದೇ ಇರೋಕಾಗುತ್ತಾ?

ಅದಿರಲಿ. ಮೊದಲೆಲ್ಲ ಈ ಮೂಡಲ್ ಪುಟಗಳು ಎಂಥಾ ಉದ್ದ ಇರ್ತಿದ್ವು ಗೊತ್ತಲ್ಲ? ಹದಿನಾರನೇ ವಾರದ ನೋಟ್ಸ್ ಬೇಕು ಅಂದರೆ ಬೆರಳು ಸವೆಯೋ ತನಕ ಕೆಳಕ್ಕೆ ಜಾರಬೇಕು. 2022ರಲ್ಲಿ ಮೂಡಲ್ 4.0 ಬಂದ ಮೇಲೆ ಎಡಗಡೆ ವಿಷಯಸೂಚಿ ಬಂತು, ಒಂದೊಂದು ಭಾಗವನ್ನೂ ಮಡಚಿಡಬಹುದು ಅಂತಾಯ್ತು. ನನ್ನ ಕೇಳಿದರೆ ಚಿತ್ರ, ಬಣ್ಣ ಎಲ್ಲಕ್ಕಿಂತ ಉಪಕಾರ ಮಾಡಿದ್ದು ಆ ಮಡಚೋ ಬಾಣದ ಗುರುತೇ.

ಇಷ್ಟಕ್ಕೂ ಈ ಮೂಡಲ್ ಶುರುಮಾಡಿದ ಮಾರ್ಟಿನ್ ಡೂಗಿಯಾಮಸ್ ಚಿಕ್ಕಂದಿನಲ್ಲಿ ಓದಿದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ರೇಡಿಯೋದಲ್ಲಿ ಮೇಷ್ಟ್ರ ದನಿ ಕೇಳ್ಕೊಂಡು. ಪಾಠದ ಹಾಳೆಗಳು ವಿಮಾನದಲ್ಲಿ ಬರ್ತಿದ್ವಂತೆ. ಅಂಥೋರು 2002ರಲ್ಲಿ ಬಿಟ್ಟ ತಂತ್ರಾಂಶದಲ್ಲಿ ನಮ್ಮ ಮೇಡಂ ಈಗ ತಲೆಬರಹಕ್ಕೆ ಗುಲಾಬಿಯೋ ಹಸಿರೋ ಅಂತ ಕೂತಿದ್ದಾರೆ!

ಹೋದ ಸೆಮಿಸ್ಟರಿನಲ್ಲಿ ಇನ್ನೂ ಮಜಾ ಆಗಿತ್ತು. ಮೇಡಂ ಕಣ್ಣಿಗೆ ಪುಟ ತುಂಬಿ ತುಳುಕ್ತಾ ಇದೆ, ಮಕ್ಕಳು ಮಾತ್ರ ಏನೂ ಇಲ್ಲ ಮ್ಯಾಮ್ ಅಂತಾರೆ. ನೋಡಿದರೆ ಎಲ್ಲಾ ಭಾಗಗಳನ್ನೂ 'ಹೈಡ್' ಮಾಡಿಟ್ಟಿದ್ದಾರೆ. ಮರೆಮಾಡಿದ್ದು ಟೀಚರಿಗೆ ಕಾಣುತ್ತೆ, ವಿದ್ಯಾರ್ಥಿಗೆ ಕಾಣಲ್ಲ. ಮೆನುವಿನಲ್ಲಿ ಪಾತ್ರ ಬದಲಿಸಿ, ವಿದ್ಯಾರ್ಥಿಯಾಗಿ ಒಂದ್ಸಲ ಇಣುಕಿದ್ದರೆ ಅಲ್ಲೇ ಗೊತ್ತಾಗ್ತಿತ್ತು. ಆದರೆ ಅಲಂಕಾರದ ಗಡಿಬಿಡೀಲಿ ಅದೆಲ್ಲ ಯಾರಿಗೆ ನೆನಪಿರುತ್ತೆ, ಅಲ್ವಾ?

ಹುಡುಗರೋ, ಮೂಡಲ್‌ನ ಮೊಬೈಲ್ ಆಪ್‌ನಲ್ಲಿ ನೋಡೋರು. ಕಾಲೇಜು ಸೈಟಿನ ಥೀಮ್ ಆಪ್‌ಗೆ ಬರೋದೇ ಇಲ್ಲ, ಅದರ ವೇಷವೇ ಬೇರೆ. ನಮ್ಮ ಮನೆ ಹುಡುಗನೂ ಆಪ್ ತೆರೆದವನೇ ನೇರ ಅಸೈನ್‌ಮೆಂಟಿಗೆ ಹೋಗ್ತಾನೆ, ಕೊನೇ ದಿನಾಂಕ ನೋಡ್ತಾನೆ, ಮುಚ್ಚುತ್ತಾನೆ. ಮೇಡಂಗೆ ನಾನಂದೆ: ಬಣ್ಣ ಯಾವುದಾದ್ರೂ ಹಾಕ್ಕೊಳ್ಳಿ, ಆ ದಿನಾಂಕ ಒಂದು ಮೇಲ್ಗಡೆ ಇಡಿ ತಾಯಿ. ನಿಮ್ಮನೇಲೂ ಕಾಲೇಜು ಮಕ್ಕಳಿದ್ದರೆ ಕೇಳಿ ನೋಡಿ, ಕೋರ್ಸಿಗೆ ಯಾವ ಚಿತ್ರ ಇದೆ ಅಂತ.